ಒಲ್ಲದವರ ವಾಪಸಾತಿ: ಕೊರಿಯಾ ಅಧ್ಯಯನದ ವಿದ್ಯಾರ್ಥಿ ಬಳಗಗಳ ಮುಂದಿರುವ ಒಂದು ಪ್ರಶ್ನೆ

ಕೊರಿಯಾದ ವಿದ್ಯಮಾನಗಳನ್ನೂ ನಿರಾಶ್ರಿತರ ಹಕ್ಕುಗಳನ್ನೂ ಒಟ್ಟಿಗೆ ಅಭ್ಯಸಿಸುವ ವಿದ್ಯಾರ್ಥಿ ಬಳಗಗಳಿಗೆ ಸಾಮಾನ್ಯವಾಗಿ ಉತ್ತರ ಕೊರಿಯಾದಿಂದ ಪಾರಾಗಿ ಬಂದವರ ಬದುಕೇ ಆರಂಭಬಿಂದು. 2004ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕೊರಿಯನ್-ಅಮೆರಿಕನ್ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಹುಟ್ಟಿದ ‘ಲಿಬರ್ಟಿ ಇನ್ ನಾರ್ತ್ ಕೊರಿಯಾ’ ಇದಕ್ಕೆ ನಿದರ್ಶನ. ಚೀನಾದಲ್ಲಿ ತಲೆಮರೆಸಿಕೊಂಡಿರುವವರನ್ನು ಸುರಕ್ಷಿತ ನೆಲೆ ಮುಟ್ಟಿಸುವ ಸಂಸ್ಥೆಯಾಗಿ ಅದು ಬೆಳೆಯಿತು. ಆ ಕಾಳಜಿ ದೊಡ್ಡದು. ಆದರೆ ಸಂಶೋಧನೆ ಎಳೆಯನ್ನು ಇನ್ನೂ ಹಿಂದಿನಿಂದ ಹಿಡಿಯಬೇಕು. ಹೋಗಲು ಒಲ್ಲದವರನ್ನು ಅವರ ದೇಶಕ್ಕೆ ಬಲವಂತವಾಗಿ ಕಳಿಸಬಹುದೇ ಎಂಬ ಪ್ರಶ್ನೆ ಕೊರಿಯಾದಲ್ಲಿ ಎದ್ದದ್ದು ಯುದ್ಧಕಾಲದಲ್ಲೇ.

ಕೊರಿಯಾ ಕದನವಿರಾಮದ ಮಾತುಕತೆ ಆರಂಭವಾದದ್ದೂ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆ ಅಂಗೀಕಾರವಾದದ್ದೂ 1951ರ ಜುಲೈ ತಿಂಗಳಲ್ಲೇ. ಯುದ್ಧ ನಿಂತೊಡನೆ ಕೈದಿಗಳನ್ನು ಹಿಂದಿರುಗಿಸಬೇಕೆಂದು 1949ರ ಜಿನೀವಾ ಒಪ್ಪಂದದ 118ನೆಯ ವಿಧಿ ಹೇಳುತ್ತಿತ್ತು; ಒಲ್ಲೆ ಎನ್ನುವ ಕೈದಿಯ ಬಗ್ಗೆ ಅದು ಮೌನವಾಗಿತ್ತು. ಈ ಒಂದು ವಿಷಯಕ್ಕೆ ಮಾತುಕತೆ ಸುಮಾರು ಒಂದೂವರೆ ವರ್ಷ ಕಗ್ಗಂಟಾಯಿತು. ಕೊನೆಗೆ ರಚನೆಯಾದ ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಸುಮಾರು 22,600 ಮತ್ತು ಎದುರು ಪಕ್ಷದ ವಶದಲ್ಲಿದ್ದ 359 ಕೈದಿಗಳು ಭಾರತೀಯ ಪಡೆಯ ಸುಪರ್ದಿಗೆ ಬಂದರು. ತವರಿನ ಪ್ರತಿನಿಧಿಗಳು ಹೇಳುವುದನ್ನು ಕೇಳಿಸಿಕೊಂಡು ಪ್ರತಿಯೊಬ್ಬನೂ ತನ್ನ ನಿರ್ಧಾರ ತಿಳಿಸಬೇಕಿತ್ತು. ಈ ಏರ್ಪಾಡು ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಅದಕ್ಕೂ ಮೊದಲು, ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಕೊಜೆ ದ್ವೀಪದ ಶಿಬಿರಗಳಲ್ಲೇ ಕೈದಿಗಳ ಬಣಗಳು ಪರಸ್ಪರ ಬೆದರಿಸಿ, ಮೈಮೇಲೆ ರಾಜಕೀಯ ನಿಷ್ಠೆಯ ಹಚ್ಚೆ ಹಾಕಿಸಿ, ಎಷ್ಟೋ ಮಂದಿಯ ಆಯ್ಕೆಯನ್ನು ಮೊದಲೇ ಕಸಿದಿದ್ದವು. ಆದರೂ ರಾಜ್ಯದ ಹಕ್ಕಿನ ಎದುರು ವ್ಯಕ್ತಿಯ ಉತ್ತರಕ್ಕೆ ತೂಕ ಕೊಟ್ಟ ಅಪೂರ್ವ ಪ್ರಯೋಗ ಅದು. ಎರಡೂ ಕೊರಿಯಾಗಳನ್ನೂ ಚೀನಾವನ್ನೂ ಒಲ್ಲದ 88 ಮಂದಿ 1954ರಲ್ಲಿ ಭಾರತಕ್ಕೆ ಹಡಗೇರಿದರು. ಚೋಯ್ ಇನ್-ಹುನ್ 1960ರಲ್ಲಿ ಅಂಥ ಒಬ್ಬ ಕೈದಿಯನ್ನೇ ನಾಯಕನಾಗಿಸಿ ‘ಗ್ವಾಂಗ್‌ಜಾಂಗ್’ ಕಾದಂಬರಿ ಬರೆದರು.

ಇಂದು ಉತ್ತರ ಕೊರಿಯಾದ ಗಡಿಯ ತುಮೆನ್ ನದಿ ದಾಟಿ ಚೀನಾ ಸೇರಿದವರಿಗೆ, ಮರಳಲು ಒಪ್ಪುವಿರಾ ಎಂಬ ಆ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಚೀನಾ 1982ರಲ್ಲಿ ನಿರಾಶ್ರಿತರ ಒಡಂಬಡಿಕೆಯನ್ನು ಒಪ್ಪಿಕೊಂಡಿದೆ. ಆದರೂ ಇವರು ಹೊಟ್ಟೆಪಾಡಿಗಾಗಿ ಅಕ್ರಮವಾಗಿ ಬಂದವರೆಂದು ಸಾರಿ, ಉತ್ತರ ಕೊರಿಯಾದೊಂದಿಗಿನ 1986ರ ಗಡಿ ಒಪ್ಪಂದದ ಆಧಾರದಲ್ಲಿ ಹಿಂದಕ್ಕೆ ಕಳಿಸುತ್ತದೆ. ಮೈಕೆಲ್ ಕರ್ಬಿ ನೇತೃತ್ವದ ವಿಶ್ವಸಂಸ್ಥೆಯ ತನಿಖಾ ಆಯೋಗ 2014ರ ವರದಿಯಲ್ಲಿ ಈ ವಾದವನ್ನು ಒಪ್ಪಲಿಲ್ಲ. ಹಸಿವಿನಿಂದ ಹೊರಟವರಿಗೂ ಮರಳಿದರೆ ಚಿತ್ರಹಿಂಸೆ ಕಾದಿರುವಾಗ ಅವರು ರಕ್ಷಣೆಗೆ ಅರ್ಹರು ಎಂಬುದು ಅದರ ನಿಲುವು. ಹೊರಟ ಕಾರಣಕ್ಕಿಂತ ಮರಳಿದಾಗಿನ ಅಪಾಯವೇ ಮುಖ್ಯವೆಂಬ ಈ ತರ್ಕ ನನಗೆ ಅಲ್ಲಗಳೆಯಲಾಗದ್ದಾಗಿ ಕಾಣುತ್ತದೆ.

ದಕ್ಷಿಣ ಕೊರಿಯಾದಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಸಂವಿಧಾನದ 3ನೆಯ ವಿಧಿ ಇಡೀ ಪರ್ಯಾಯದ್ವೀಪವನ್ನು ಗಣರಾಜ್ಯದ ನೆಲವೆನ್ನುವುದರಿಂದ ಉತ್ತರದಿಂದ ಬಂದವರು ಅಲ್ಲಿ ನಾಗರಿಕರು, ನಿರಾಶ್ರಿತರಲ್ಲ. ಅವರಿಗೆ 1997ರ ಕಾನೂನಿದೆ, ಹಾನಾವೊನ್ ಎಂಬ ತರಬೇತಿ ಕೇಂದ್ರವಿದೆ. ಇತರರಿಗೆಂದು ಪ್ರತ್ಯೇಕ ನಿರಾಶ್ರಿತರ ಕಾಯ್ದೆ 2013ರ ಜುಲೈನಲ್ಲಿ ಜಾರಿಗೆ ಬಂತು. 2018ರಲ್ಲಿ ಜೆಜು ದ್ವೀಪಕ್ಕೆ ಐನೂರಕ್ಕೂ ಹೆಚ್ಚು ಯೆಮನಿಗಳು ಬಂದಾಗ ಅದರ ಪರೀಕ್ಷೆಯಾಯಿತು. ಅವರ ವಿರುದ್ಧದ ಮನವಿಗೆ 7 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಿರಾಶ್ರಿತ ಮಾನ್ಯತೆ ಸಿಕ್ಕಿದ್ದು ಇಬ್ಬರಿಗೆ, 412 ಮಂದಿಗೆ ಮಾನವೀಯ ನೆಲೆಯ ತಾತ್ಕಾಲಿಕ ವಾಸ ಮಾತ್ರ. ಒಂದೇ ದೇಶ ಎರಡು ಬಗೆಯ ಪಲಾಯನಗಳನ್ನು ಎರಡು ತಕ್ಕಡಿಗಳಲ್ಲಿ ತೂಗಿದ್ದನ್ನು ಪಕ್ಕಕ್ಕಿಟ್ಟ ಕೊರಿಯಾ ಅಧ್ಯಯನ ಅರೆಯಾದದ್ದು.

ವಿಧಾನದ ಬಗ್ಗೆ ನನ್ನ ಸಲಹೆ ಸ್ಪಷ್ಟ. ವಿದ್ಯಾರ್ಥಿಗಳು ಪಾರಾಗಿ ಬಂದವರ ಮನೆಬಾಗಿಲಿಗೆ ಧ್ವನಿಮುದ್ರಕ ಹಿಡಿದು ಮೊದಲೇ ಹೋಗಬಾರದು. ಅವರ ಬಂಧುಗಳು ಉತ್ತರದಲ್ಲೇ ಉಳಿದಿರುತ್ತಾರೆ. ಹೆಸರು ಹೊರಬಿದ್ದರೆ ದಂಡ ತೆರುವವರು ಆ ಬಂಧುಗಳು. ಕರ್ಬಿ ಆಯೋಗವೂ ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ 80ಕ್ಕೂ ಹೆಚ್ಚು ಸಾಕ್ಷಿಗಳನ್ನು ಬಹಿರಂಗವಾಗಿ ಕೇಳಿತಾದರೂ 240ಕ್ಕೂ ಹೆಚ್ಚು ಸಂದರ್ಶನಗಳನ್ನು ಗೋಪ್ಯವಾಗಿ ನಡೆಸಿತು. ಬಹಿರಂಗ ವಿಚಾರಣೆಗಳ ದಾಖಲೆಯನ್ನು ತಿಮ್ಮಯ್ಯ ಆಯೋಗದ ವರದಿಗಳ ಜೊತೆಗಿಟ್ಟು ಓದುವುದರಿಂದ ಕೆಲಸ ತೊಡಗಬಹುದು. ಪ್ರಶ್ನೆ ಕೇಳಿದವರು ಯಾರು, ದುಭಾಷಿ ಯಾರ ಕಡೆಯವರು, ಉತ್ತರವನ್ನು ಬರೆದುಕೊಂಡದ್ದು ಹೇಗೆ ಎಂಬುದನ್ನು ಪ್ರತಿ ದಾಖಲೆಯಲ್ಲೂ ಗುರುತಿಸಬೇಕು. ಇದು ಕೇವಲ ಶಾಸ್ತ್ರಶುದ್ಧಿಯ ಮಾತಲ್ಲ: ದಕ್ಷಿಣ ಕೊರಿಯಾದಲ್ಲೇ ಅರಬ್ಬಿ ಭಾಷಿಕ ಅರ್ಜಿದಾರರ ಸಂದರ್ಶನಗಳಲ್ಲಿ ಅವರು ಆಡದ ಮಾತು ದಾಖಲಾದದ್ದು ಬಯಲಿಗೆ ಬಂದು, ನ್ಯಾಯ ಸಚಿವಾಲಯ ಅಂಥ ಹಲವು ತಿರಸ್ಕಾರ ಆದೇಶಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.