ರಸ್ತೆಯಿಲ್ಲದ ನಾಡಿನ ಪೈಲಟ್‌ಗಳು

ಹುತ್ತೂರಿನ ವಿದ್ಯಾರ್ಥಿ ಮಿತ್ರರೇ, ಪೈಲಟ್ ಆಗಬಯಸುವ ನಮ್ಮ ಕಡೆಯ ಮಕ್ಕಳಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಜಕ್ಕೂರು. ಮೈಸೂರು ಮಹಾರಾಜರ ಕಾಲದಲ್ಲಿ, 1940ರ ದಶಕದ ಕೊನೆಯಲ್ಲಿ, ಅಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಆರಂಭವಾಯಿತು. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಆದರೆ ಪರವಾನಗಿ ಕೈಗೆ ಬಂದ ಮಾತ್ರಕ್ಕೆ ನೌಕರಿ ಬಂದಂತಲ್ಲ. ಹೊಲ ಅಡವಿಡುವವರು ಇದನ್ನು ಮೊದಲೇ ತಿಳಿದಿರಬೇಕು. ಹೊರದೇಶಗಳಲ್ಲಿ ಎಷ್ಟೋ ಹೊಸಬರು ಅನುಭವ ಗಳಿಸುವುದು ರಸ್ತೆಯಿಲ್ಲದ ನಾಡುಗಳಲ್ಲಿ.

ಈ ಪದ್ಧತಿ ಹಳೆಯದು. ಅಲಾಸ್ಕಾದಲ್ಲಿ ಶಾಲಾ ಶಿಕ್ಷಕರಾಗಿದ್ದ ಕಾರ್ಲ್ ಬೆನ್ ಐಲ್ಸನ್ 1924ರ ಫೆಬ್ರವರಿಯಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ವಿಮಾನದಲ್ಲಿ ಟಪಾಲು ಒಯ್ದರು. ನಾಯಿಗಳು ಎಳೆಯುವ ಹಿಮಬಂಡಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಮೂರು ಗಂಟೆಯೊಳಗೆ ಮುಗಿಯಿತು. ಅದೇ ಐಲ್ಸನ್ 1929ರಲ್ಲಿ, ಸೈಬೀರಿಯಾ ಕರಾವಳಿಯ ಹಿಮದಲ್ಲಿ ಸಿಲುಕಿದ್ದ ಹಡಗಿನ ನೆರವಿಗೆ ಹೋಗುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ತಂದೆತಾಯಿಗಳಿಗೂ ಈ ಸಂಗತಿ ಗೊತ್ತಿರಲಿ.

ಇಂದು ಆಫ್ರಿಕಾದ ಬೋಟ್ಸ್ವಾನಾದಲ್ಲಿ, ಮೌನ್ ಎಂಬ ಊರಿನಿಂದ ಯುವ ಪೈಲಟ್‌ಗಳು ಸಣ್ಣ ಸೆಸ್ನಾ ವಿಮಾನಗಳಲ್ಲಿ ಪ್ರವಾಸಿಗರನ್ನು ಒಕವಾಂಗೊ ಜೌಗುನಾಡಿನ ಮಣ್ಣಿನ ರನ್‌ವೇಗಳಿಗೆ ಕರೆದೊಯ್ಯುತ್ತಾರೆ. ಇಳಿಯುವ ಮುನ್ನ ಕೆಳಗೆ ಆನೆಯೋ ಜಿಂಕೆಯೋ ನಿಂತಿದೆಯೇ ಎಂದು ನೋಡಿಕೊಳ್ಳಬೇಕು! ಅಲ್ಲಿ ಹಾರಲು ಭಾರತದ ಪರವಾನಗಿಯೊಂದೇ ಸಾಲದು; ಆ ದೇಶದ ಮಾನ್ಯತೆಯನ್ನೂ ಕೆಲಸದ ಅನುಮತಿಯನ್ನೂ ಬೇರೆಯಾಗಿ ಪಡೆಯಬೇಕು.