ಮೆಲ್ಲಗೆ ಜರುಗುವ ನೆಲ

ಅಟ್ಟದ ಮೇಲೆ ಭತ್ತದ ಮೂಟೆ ಹೇರಿದ ದಿನ ತೊಲೆ ಒಂಚೂರು ಬಾಗ್ತದೆ. ಆಮೇಲೆ ಒಂದು ಮೂಟೆಯೂ ಹೆಚ್ಚದಿದ್ದರೂ ವರ್ಷ ಕಳೆದಂತೆ ಬಾಗು ಬೆಳೀತಾನೇ ಹೋಗ್ತದೆ. ಮೂಟೆ ಇಳಿಸಿದರೂ ಪೂರ್ತಿ ನೆಟ್ಟಗಾಗೋದಿಲ್ಲ. ನಾನು ಬಾರಿಸುವ ವಾದ್ಯದ ಚರ್ಮಕ್ಕೂ ಇದೇ ಗುಣ, ನಮ್ಮ ವಯನಾಡಿನ ಗುಡ್ಡದ ಜೇಡಿಮಣ್ಣಿಗೂ ಇದೇ ಗುಣ. ಇದನ್ನು ಮನುಷ್ಯ ಹೇಗೆ ಲೆಕ್ಕಕ್ಕೆ ತಂದ ಅನ್ನೋ ಚರಿತ್ರೆ ಗುಡ್ಡದಡಿ ಬಾಳುವ ನಾವು ತಿಳಿದಿರಬೇಕು.

1835ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ವೆಬರ್ ರೇಷ್ಮೆ ನೂಲಿಗೆ ತೂಕ ಕಟ್ಟಿ ನೋಡಿದರು. ನೂಲು ತಟ್ಟನೆ ಹಿಗ್ಗಿತು, ಆಮೇಲೂ ಮೆಲ್ಲಗೆ ಹಿಗ್ಗುತ್ತಲೇ ಇತ್ತು. 1874ರಲ್ಲಿ ಆಸ್ಟ್ರಿಯಾದ ಬೋಲ್ಟ್ಸ್‌ಮನ್ ಇದಕ್ಕೆ ಗಣಿತ ಕೊಟ್ಟರು. ವಸ್ತುವಿಗೆ ನೆನಪಿದೆ, ಹಿಂದೆ ಹೊತ್ತ ಒಂದೊಂದು ಭಾರದ ಫಲವನ್ನೂ ಕೂಡಿಸಿದರೆ ಇಂದಿನ ಬಾಗು ಸಿಗುತ್ತದೆ ಎಂದರು. ಆ ಲೆಕ್ಕದಲ್ಲಿ ಭಾರ ಎರಡರಷ್ಟಾದರೆ ಬಾಗೂ ಎರಡರಷ್ಟೇ. ಆದರೆ ತಾಳಿಕೆಯ ಮಿತಿ ಹತ್ತಿರವಾದಾಗ ಈ ಲೆಕ್ಕ ನಿಲ್ಲೋದಿಲ್ಲ. ಭಾರ ಸ್ವಲ್ಪ ಏರಿದರೂ ಬಾಗು ಎಷ್ಟೋ ಪಟ್ಟು ಏರ್ತದೆ.

ಇದರ ದೊಡ್ಡ ಪಾಠ ಇಟಲಿಯ ವಯೋಂಟ್ ಅಣೆಕಟ್ಟೆಯಲ್ಲಿ ಸಿಕ್ಕಿತು. 1960ರಲ್ಲಿ ಪಕ್ಕದ ಗುಡ್ಡದಲ್ಲಿ ಸುಮಾರು 2 ಕಿಲೋಮೀಟರ್ ಉದ್ದದ ಬಿರುಕು ಕಾಣಿಸಿತು. ನೀರು ತುಂಬಿಸಿದಾಗ ಗುಡ್ಡ ಬೇಗ ಜರುಗೋದು, ಇಳಿಸಿದಾಗ ನಿಧಾನವಾಗೋದು. ಹೀಗೆ ಮೂರು ವರ್ಷ ಕಳೆಯಿತು. 1963ರ ಅಕ್ಟೋಬರ್ 9ರ ರಾತ್ರಿ ಗುಡ್ಡವೇ ಜಲಾಶಯಕ್ಕೆ ಕುಸಿಯಿತು. ಕಟ್ಟೆ ನಿಂತಿತು, ಅದರ ಮೇಲಿಂದ ಹಾರಿದ ನೀರು ಸುಮಾರು 2,000 ಜನರನ್ನು ಕೊಂದಿತು.

1965ರಲ್ಲಿ ಜಪಾನಿನ ಸೈಟೊ, ಜರುಗುವ ವೇಗದಿಂದ ಕುಸಿಯುವ ಹೊತ್ತನ್ನು ಅಂದಾಜು ಮಾಡುವ ದಾರಿ ತೋರಿಸಿದರು. 1985ರಲ್ಲಿ ಅದೇ ದೇಶದ ಫುಕುಝೊನೊ ಅದನ್ನು ಸುಲಭ ಮಾಡಿದರು. ನೆಲ ಒಂದು ಬೆರಳಷ್ಟು ಜರುಗಲು ಎಷ್ಟು ಹೊತ್ತು ಬೇಕಾಯ್ತು ಅಂತ ಆಗಾಗ ಬರೆದು ಗೆರೆ ಎಳೆಯಬೇಕು. ಗೆರೆ ಇಳಿಯುತ್ತಾ ಸೊನ್ನೆ ಮುಟ್ಟುವ ಕಡೆಯೇ ಕುಸಿತದ ಹೊತ್ತು.

ನಮ್ಮಲ್ಲಿ 2018ರ ಆಗಸ್ಟ್ ಮಳೆಗೆ ಎಷ್ಟೋ ಕಡೆ ನೆಲ ಬಿರಿದು, ಮನೆ ಗೋಡೆ ಸೀಳಿತು. ಮರುವರ್ಷ ಆಗಸ್ಟ್ 8ರಂದು ಪುತ್ತುಮಲ ಕುಸಿಯಿತು. 1984ರಲ್ಲೇ ಕುಸಿತ ಕಂಡಿದ್ದ ಮುಂಡಕ್ಕೈ, 2024ರ ಜುಲೈ 30ರ ನಸುಕಿನಲ್ಲಿ ಚೂರಲ್‌ಮಲದ ಜೊತೆ ಮತ್ತೆ ಕೊಚ್ಚಿ ಹೋಯಿತು. ಮಳೆನೀರು ಮಣ್ಣಿನ ಭಾರ ಹೆಚ್ಚಿಸ್ತದೆ, ಒಳಗಿನ ಹಿಡಿತ ಸಡಿಲಿಸ್ತದೆ. ಎಲ್ಲಾ ಕುಸಿತವೂ ಬಿರುಕು ತೋರಿಸಿ ಬರೋದಿಲ್ಲ. ಕೆಲವು ಜೋರು ಮಳೆಯಲ್ಲಿ ಒಂದೇ ಏಟಿಗೆ ಬರ್ತವೆ.

ಆದರೆ ಬಿರುಕು ಕಂಡಲ್ಲಿ ಸುಮ್ಮನಿರಬಾರದು. ಹೊಳವಾದ ಹೊತ್ತಲ್ಲಿ ಎರಡು ಕಡೆ ಗೂಟ ಹೊಡೆದು, ನಡುವಿನ ಅಳತೆಯನ್ನು ತಾರೀಕು ಸಮೇತ ಬರೆದಿಡಿ. ಬಿರುಕು ಎಷ್ಟು ಅಗಲ ಅನ್ನೋದಕ್ಕಿಂತ, ನಿನ್ನೆಗಿಂತ ಇವತ್ತು ಎಷ್ಟು ಬೇಗ ಬಿಡ್ತಿದೆ ಅನ್ನೋದು ಮುಖ್ಯ. ವೇಗ ಏರ್ತಾ ಇದ್ದರೆ, ಇಲ್ಲವೇ ಮಳೆ ಬಿಡದೆ ಹೊಡೀತಿದ್ದರೆ, ಅಳೆಯೋಕೂ ಹೋಗಬೇಡಿ. ಮಕ್ಕಳು ಮುದುಕರನ್ನು ಕರಕೊಂಡು ಮನೆ ಬಿಡಿ, ಪಂಚಾಯ್ತಿಗೆ ತಿಳಿಸಿ.