ಹೊಲದಲ್ಲಿದ್ದ ಕಂತು

ಈ ಸಲ ಕಬ್ಬಿನ ದುಡ್ಡು ಪೂರ್ತಿ ಬಂತು. ಹಳೇ ಡೆಪಾಸಿಟ್ ಸೇರಿಸಿದ್ರೆ ಏಳು ಲಕ್ಷ ಆಗುತ್ತೆ. ಅವ್ವನಿಗೆ ವಾರಕ್ಕೆ ಎರಡು ಸಲ ಮಂಡ್ಯದಲ್ಲಿ ಡಯಾಲಿಸಿಸ್ ಶುರುವಾಗಿ ಎಂಟು ತಿಂಗಳಾಯ್ತು. ಆಟೋದವನು ಒಳ್ಳೆಯವನೇ, ಆದ್ರೆ ರಾತ್ರಿ ಎರಡು ಗಂಟೆಗೆ ಅವ್ವನಿಗೆ ಉಸಿರು ಕಟ್ಟಿದಾಗ ಅವನೂ ಮನುಷ್ಯನೇ ತಾನೆ, ಫೋನ್ ಎತ್ತಲಿಲ್ಲ. ಅವತ್ತೇ ಒಂದು ಸಣ್ಣ ಕಾರು ತಗೊಳ್ಳೋದು ಅಂತ ತೀರ್ಮಾನ ಆಯ್ತು. ಎಲ್ಲಾ ಸೇರಿ 6,80,000 ರೂಪಾಯಿ.

ಯಾವ ಕಾರು ಅನ್ನೋದಕ್ಕೆ ಮನೇಲಿ ಜಗಳ ಬರಲಿಲ್ಲ. ದುಡ್ಡು ಒಂದೇ ಸಲ ಕಟ್ಟಿ ತರೋದಾ, ಸಾಲ ಮಾಡಿ ತರೋದಾ ಅನ್ನೋದಕ್ಕೆ ಬಂತು. ಮಗ ಸಾಲ ಅಂತಾನೆ. ನಮ್ಮಣ್ಣ ಸಾಲದ ಮಾತು ಎತ್ತಿದ್ರೆ ಅರ್ಧ ಊಟದಲ್ಲಿ ಕೈ ತೊಳ್ಕೊಂಡು ಎದ್ದು ಹೋಗ್ತಾನೆ. ಅವನಿಗೆ ಕಾರಣ ಇದೆ, ಆಮೇಲೆ ಹೇಳ್ತೀನಿ.

ನಾನು ಎಸ್ಸೆಸ್ಸೆಲ್ಸಿ ಪಾಸು ಅಷ್ಟೇ. ಆದ್ರೂ ಎರಡು ವಾರದಿಂದ ಗದ್ದೆಗೆ ನೀರು ಕಟ್ಟೋ ಹೊತ್ನಲ್ಲಿ ಬದಿನ ಮೇಲೆ ಕೂತು, ಈ ಕಂತು ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. ಇಂಗ್ಲಿಷ್ ಇದ್ದ ಕಡೆ ಮಗನ ಕೈಲಿ ಓದಿಸಿದೆ. ಓದ್ತಾ ಹೋದಂಗೆ ನನಗೇ ಆಶ್ಚರ್ಯ. ಕಾರಿಗಿಂತ ಎಷ್ಟೋ ಮೊದಲೇ ರೈತನಿಗೋಸ್ಕರ ಕಂತು ಇತ್ತು.

ಅಮೆರಿಕದಲ್ಲಿ ಸೈರಸ್ ಮೆಕಾರ್ಮಿಕ್ ಅಂತ ಒಬ್ಬ ಇದ್ದ. ಕುದುರೆ ಕಟ್ಟಿ ಗೋಧಿ ಕೊಯ್ಯೋ ಯಂತ್ರಕ್ಕೆ 1834ರಲ್ಲಿ ಪೇಟೆಂಟ್ ತಗೊಂಡ. 1847ರಲ್ಲಿ ಶಿಕಾಗೋಗೆ ಹೋಗಿ ಕಾರ್ಖಾನೆ ಹಾಕಿದ. ಯಂತ್ರದ ಬೆಲೆ ನೂರು ಡಾಲರ್ ದಾಟ್ತಿತ್ತು. ಅಷ್ಟು ದುಡ್ಡು ಯಾವ ರೈತನ ಕೈಲಿ, ಅದೂ ಕೊಯ್ಲಿಗೆ ಮುಂಚೆ, ಇರುತ್ತೆ? ಆ ಪುಣ್ಯಾತ್ಮನಿಗೆ ಇದು ಗೊತ್ತಿತ್ತು. ಸ್ವಲ್ಪ ಭಾಗ ಈಗ ಕೊಡು, ಉಳಿದದ್ದು ಕೊಯ್ಲು ಆಗಿ ಕಾಳು ಮಾರಿದ ಮೇಲೆ ಕೊಡು ಅಂದ. ಬಡ್ಡಿ ಇತ್ತು, ಬಿಟ್ಟಿ ಏನಲ್ಲ. ಆದ್ರೆ ಸಾಲ ತೀರಿಸೋ ದಿನ ಬೆಳೆ ನೋಡ್ಕೊಂಡು ಬರ್ತಿತ್ತು.

ಇದನ್ನ ಓದಿದಾಗ ನಮ್ಮಪ್ಪ ಜಾತ್ರೇಲಿ ಹಳ್ಳಿಕಾರ್ ಎತ್ತು ತಂದಿದ್ದು ನೆನಪಾಯ್ತು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸ್ದ. ಅಪ್ಪ ಸಂಚಕಾರ ಕೊಟ್ಟು ಜೋಡಿ ಹೊಡ್ಕೊಂಡು ಬಂದ, ಬಾಕಿ ದುಡ್ಡು ಆಲೆಮನೆ ಮುಗಿದ ಮೇಲೆ. ಕಾಗದ ಇರಲಿಲ್ಲ, ಸಾಕ್ಷಿ ಇದ್ರು. ಮೆಕಾರ್ಮಿಕ್ ಹೆಸರು ಅಪ್ಪ ಕೇಳಿರೋಕೆ ಸಾಧ್ಯವೇ ಇಲ್ಲ, ಲೆಕ್ಕ ಮಾತ್ರ ಅದೇ.

ತಿಂಗಳ ಕಂತು ಬಂದದ್ದು ಬೇರೆ ದಾರೀಲಿ. 1856ರಲ್ಲಿ ಸಿಂಗರ್ ಹೊಲಿಗೆ ಮಿಷನ್ ಕಂಪನಿ ಸ್ವಲ್ಪ ಮುಂಗಡ ಇಸ್ಕೊಂಡು ಮಿಷನ್ ಮನೆಗೆ ಕಳಿಸಿ, ಉಳಿದದ್ದನ್ನ ತಿಂಗಳು ತಿಂಗಳು ವಸೂಲಿ ಮಾಡೋಕೆ ಶುರು ಮಾಡ್ತು. ಅದು ತಿಂಗಳ ಸಂಬಳ, ದಿನದ ಕೂಲಿ ಬರೋ ಮನೆಗಳಿಗೆ ಹೊಂದೋ ವ್ಯವಸ್ಥೆ. ಇವತ್ತು ಷೋರೂಮಲ್ಲಿ ನಮ್ಮ ಮುಂದೆ ಇಡೋದು ಈ ಎರಡನೇದನ್ನ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಇನ್ನು ಕಾರಿಗೆ ಬರೋಣ. ಹೆನ್ರಿ ಫೋರ್ಡ್ ರೈತನ ಮಗ. 1908ರಲ್ಲಿ ಮಾಡೆಲ್ ಟಿ ಕಾರು ತಂದಾಗ ಬೆಲೆ 850 ಡಾಲರ್. ಮಾಡೋ ರೀತೀನೇ ಬದಲಾಯಿಸಿ, ಬೆಲೆ ಇಳಿಸ್ತಾ ಇಳಿಸ್ತಾ, 1920ರ ದಶಕದ ನಡುವಿಗೆ 300 ಡಾಲರ್ ಒಳಗೆ ತಂದ. ಸಾಲ ಅಂದ್ರೆ ಆಗದವನು. ಬೆಲೆ ಇಳಿಸ್ತೀನಿ, ನೀವು ದುಡ್ಡು ಕೂಡಿಸಿ ತಗೊಳ್ಳಿ ಅನ್ನೋದು ಅವನ ಹಟ. ನಮ್ಮಣ್ಣನ ಥರದೋನೇ.

ಆದ್ರೆ ಕಾರು ಮಾರೋ ಡೀಲರುಗಳಿಗೆ ಒಂದು ಕಷ್ಟ ಇತ್ತು, ಅದು ನಮಗೆ ಚೆನ್ನಾಗಿ ಅರ್ಥ ಆಗೋ ಕಷ್ಟ. ಕಾರ್ಖಾನೆ ವರ್ಷ ಪೂರ್ತಿ ಓಡ್ಬೇಕು, ಕಾರು ಕಳಿಸಿದ ಕೂಡಲೇ ಡೀಲರ್ ರೊಕ್ಕ ಕಟ್ಟಬೇಕು. ಕೊಳ್ಳೋರು ಬರೋದು ಮಾತ್ರ ಚಳಿ ಕಳೆದು ರಸ್ತೆ ಒಣಗಿದ ಮೇಲೆ. ಚಳಿಗಾಲದಲ್ಲಿ ಬಂದು ನಿಂತ ಕಾರಿಗೆ ದುಡ್ಡು ಎಲ್ಲಿಂದ ತರೋದು? ಬ್ಯಾಂಕಿನೋರು ಆಗ ಕಾರನ್ನ ಶೋಕಿ ಅಂತ ದೂರ ಇಟ್ಟಿದ್ರು. ಈ ಸಂದಿಯೊಳಗೇ ಫೈನಾನ್ಸ್ ಕಂಪನಿಗಳು ನುಗ್ಗಿದ್ದು. ಮೊದಲು ಡೀಲರಿಗೆ ಸಾಲ, ಆಮೇಲೆ ಕೊಳ್ಳೋನಿಗೂ ಸಾಲ. 1919ರಲ್ಲಿ ಜನರಲ್ ಮೋಟರ್ಸ್ ತನ್ನದೇ ಫೈನಾನ್ಸ್ ಕಂಪನಿ ತೆರೀತು. ಮೂರನೇ ಒಂದು ಭಾಗದಷ್ಟು ಮುಂಗಡ ಕಟ್ಟು, ಉಳಿದದ್ದು ಒಂದು ವರ್ಷದೊಳಗೆ ತೀರಿಸು ಅಂತ. ಈಗಿನ ಏಳು ವರ್ಷದ ಸಾಲ ನೋಡಿದ್ರೆ ಅವತ್ತಿನವರು ಬೆಚ್ಚಿ ಬೀಳ್ತಿದ್ರು.

ಫೋರ್ಡ್ ಸುಮ್ಮನೆ ಕೂರಲಿಲ್ಲ. 1923ರಲ್ಲಿ ಒಂದು ಯೋಜನೆ ತಂದ. ವಾರಕ್ಕೆ 5 ಡಾಲರ್ ಕಟ್ತಾ ಹೋಗಿ, ಅದು ಬ್ಯಾಂಕಲ್ಲಿ ಇರುತ್ತೆ, ಬಡ್ಡೀನೂ ಸೇರುತ್ತೆ, ಬೆಲೆಯಷ್ಟು ತುಂಬಿದ ದಿನ ಕಾರು ನಿಮ್ಮದು. ನ್ಯಾಯವಾದ ಮಾತೇ. ಆದ್ರೆ ಪಕ್ಕದ ಅಂಗಡಿಯವನು ಇವತ್ತೇ ಕಾರು ಹೊಡ್ಕೊಂಡು ಹೋಗು ಅಂತಿರುವಾಗ, ಪೂರ್ತಿ ಕಟ್ಟಿ ಆಮೇಲೆ ಬಾ ಅಂದ್ರೆ ಯಾರು ಕೇಳ್ತಾರೆ? ಯೋಜನೆ ಕೈ ಹತ್ತಲಿಲ್ಲ. ಆ ದಶಕದ ನಡುವಿಗೆ ಅಲ್ಲಿ ನಾಲ್ಕರಲ್ಲಿ ಮೂರು ಕಾರು ಕಂತಿನ ಮೇಲೆ ಹೋಗ್ತಿದ್ವು. 1927ರಲ್ಲಿ ಮಾಡೆಲ್ ಟಿ ನಿಂತೇ ಹೋಯ್ತು. 1928ರಲ್ಲಿ ಅದೇ ಫೋರ್ಡ್ ಕಂಪನಿ ಸಾಲ ಕೊಡೋ ಕಂಪನಿ ತೆರೀತು. ಹಟ ಹಿಡಿದವನೂ ಬಗ್ಗಿದ. ಇದರ ನಡುವೆ ಸೆಲಿಗ್ಮನ್ ಅನ್ನೋ ದೊಡ್ಡ ಪ್ರೊಫೆಸರ್ ಕಂತಿನ ವ್ಯಾಪಾರದ ಮೇಲೆ ಎರಡು ಸಂಪುಟ ಪುಸ್ತಕ ಬರೆದು ಕಂತು ಒಳ್ಳೇದೇ ಅಂತ ವಾದಿಸಿದ್ರು. ಆ ಅಧ್ಯಯನಕ್ಕೆ ಬೆನ್ನಿಗೆ ನಿಂತಿದ್ದು ಜನರಲ್ ಮೋಟರ್ಸಿನ ಕಡೆಯೋರೇ. ನಗು ಬಂತು.

ಈಗ ನಮ್ಮ ಕಡೆಯ ಒಂದು ವಿಷಯ ನೋಡಿ. ಫೋರ್ಡಿನ ಉಳಿತಾಯ ಯೋಜನೆ ಅಲ್ಲಿ ಶುರುವಾದ ಐದೇ ವರ್ಷಕ್ಕೆ, 1928ರಲ್ಲಿ, ನಮ್ಮ ಉಡುಪಿಯಲ್ಲಿ ಅದೇ ಜಾತಿಯ ಒಂದು ಯೋಜನೆ ಶುರುವಾಗಿ ಗೆದ್ದುಬಿಡ್ತು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನ ಪಿಗ್ಮಿ. ದಿನಕ್ಕೆ ಎರಡಾಣೆಯಿಂದ, ಏಜೆಂಟ್ ಮನೆ ಬಾಗಿಲಿಗೇ ಬಂದು ಇಸ್ಕೊಂಡು ಹೋಗೋದು. ಅಲ್ಲಿ ಸೋತದ್ದು ಇಲ್ಲಿ ಯಾಕೆ ಗೆಲ್ತು? ನನಗೆ ತೋಚೋದು, ಇಲ್ಲಿ ಪಕ್ಕದ ಅಂಗಡಿಯಲ್ಲಿ ಸಾಲದ ಮೇಲೆ ಕಾರು ಕೊಡೋನು ಇರಲಿಲ್ಲ. ಇದ್ದದ್ದು ನೂರಕ್ಕೆ ಇಷ್ಟು ಅಂತ ಬಡ್ಡಿ ತಿನ್ನೋ ಸಾಹುಕಾರ. ಅವನಿಗಿಂತ ಎರಡಾಣೆ ಮೇಲು. ನಮ್ಮನೆಯವಳು ಇವತ್ತಿಗೂ ದಿನಾ 50 ರೂಪಾಯಿ ಪಿಗ್ಮಿ ಕಟ್ತಾಳೆ, ಆ ದುಡ್ಡು ಎಷ್ಟಿದೆ ಅಂತ ನನಗೆ ಹೇಳಲ್ಲ.

ಇನ್ನು ನಮ್ಮ ದೇಶದಲ್ಲಿ ಕಾರಿನ ಕಥೆಯೇ ಬೇರೆ. ಬಹಳ ಕಾಲ ರೊಕ್ಕವೋ ಸಾಲವೋ ಅನ್ನೋ ಪ್ರಶ್ನೆಯೇ ಇರಲಿಲ್ಲ, ದುಡ್ಡು ಇಟ್ಕೊಂಡು ಕಾಯ್ಬೇಕಿತ್ತು. ಅಂಬಾಸಿಡರ್, ಫಿಯಟ್ ಎರಡಕ್ಕೂ ವರ್ಷಗಟ್ಟಲೆ ಸರದಿ. ಬಜಾಜ್ ಸ್ಕೂಟರಿಗೂ ಅಷ್ಟೇ. 1983ರಲ್ಲಿ ಮಾರುತಿಗೆ ಜನ 10,000 ರೂಪಾಯಿ ಮುಂಗಡ ಕಟ್ಟಿ ಹೆಸರು ಬರೆಸಿದ್ರು, ಲಕ್ಷಕ್ಕೂ ಹೆಚ್ಚು ಜನ. ಆ ವರ್ಷ ಡಿಸೆಂಬರ್ 14ರಂದು ಇಂದಿರಾಗಾಂಧಿ ಮೊದಲ ಕಾರಿನ ಬೀಗ ಕೊಟ್ರು. ಕಾರು ಸುಮಾರು ಐವತ್ತು ಸಾವಿರ. ಅಂದ್ರೆ ಇಲ್ಲಿ ಕೊಳ್ಳೋನೇ ಕಂಪನಿಗೆ ಮೊದಲು ದುಡ್ಡು ಕೊಟ್ಟು ಕಾಯ್ತಾ ಕೂತಿದ್ದ. ಆ ದಶಕ ಮುಗಿಯೋ ಹೊತ್ತಿಗೆ ಕೋಟಕ್‌ನಂಥ ಫೈನಾನ್ಸ್ ಕಂಪನಿಯವರು ತಮ್ಮ ಹೆಸರಲ್ಲೇ ಕಾರು ಬುಕ್ ಮಾಡಿಟ್ಟು, ನಮ್ಮ ಹತ್ರ ಸಾಲ ತಗೊಂಡ್ರೆ ಕಾರು ಈಗಲೇ ಅನ್ನೋಕೆ ಶುರು ಮಾಡಿದ್ರು. ನೋಡಿ, ಜನಕ್ಕೆ ಮಾರಿದ್ದು ಸಾಲ ಅಲ್ಲ, ಕಾಯದೇ ಇರೋ ಭಾಗ್ಯ. 1991ರ ನಂತರ ಬೇರೆ ಬೇರೆ ಕಂಪನಿ ಬಂದ್ವು, ಸರದಿ ಹೋಯ್ತು, ಸಾಲ ಉಳೀತು.

ಈಗ ಅಣ್ಣನ ಕಥೆ. 2000ದಲ್ಲಿ ಅವನು ಒಂದು ಫೈನಾನ್ಸಲ್ಲಿ ಟ್ರ್ಯಾಕ್ಟರ್ ತಗೊಂಡ. ತಿಂಗಳ ಕಂತು. ಎರಡು ವರ್ಷ ಬಾಡಿಗೆ ಹೊಡೆದು ಕಟ್ಟಿದ. 2002, 2003ರಲ್ಲಿ ಕನ್ನಂಬಾಡಿ ತುಂಬಲಿಲ್ಲ, ನಾಲೆಗೆ ನೀರು ಬರಲಿಲ್ಲ, ಉಳೋಕೆ ಕರೆಯೋರೇ ಇಲ್ಲ. ನಾಲ್ಕು ಕಂತು ಬಾಕಿ ಬಿತ್ತು. ಒಂದು ದಿನ ರಾಗಿ ಹುಲ್ಲು ತುಂಬಿದ ಟ್ರೇಲರ್ ಸಮೇತ ರಸ್ತೇಲಿ ನಿಲ್ಲಿಸಿ, ಹುಲ್ಲು ಕೆಳಗೆ ಸುರಿದು, ಟ್ರ್ಯಾಕ್ಟರ್ ತಗೊಂಡು ಹೋದ್ರು. ಊರು ನೋಡ್ತಿತ್ತು. ಅಣ್ಣ ಹುಲ್ಲಿನ ಗುಡ್ಡೆ ಪಕ್ಕ ಸಂಜೆ ತನಕ ಕೂತಿದ್ದ, ನಾನೇ ಹೋಗಿ ಕೈ ಹಿಡಿದು ಕರ್ಕೊಂಡು ಬಂದೆ. ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ಕಟ್ಟಿಯಾಗಿತ್ತು.

ಕಾನೂನು ಇರಲಿಲ್ವಾ? ಅದೂ ಓದಿದೆ. ಕಂತಿನಲ್ಲಿ ಕೊಳ್ಳೋನ ರಕ್ಷಣೆಗೆ ಅಂತಲೇ 1972ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಪಾಸು ಮಾಡಿತ್ತು. ಪಾಸಾಯ್ತು, ಜಾರಿಗೆ ಬರಲೇ ಇಲ್ಲ. ಮೂವತ್ತು ವರ್ಷದ ಮೇಲೆ ಹಾಗೇ ಇದ್ದು ಕೊನೆಗೆ ರದ್ದಾಯ್ತು. ಸಾಲ ವಸೂಲಿಗೆ ಗೂಂಡಾಗಳನ್ನ ಕಳಿಸಿ ಗಾಡಿ ಕಿತ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿದ್ದು 2007ರಲ್ಲಿ. ಅಣ್ಣನಿಗೆ ನಾಲ್ಕು ವರ್ಷ ತಡ.

ಇಷ್ಟು ತಿಳ್ಕೊಂಡು ಷೋರೂಮಿಗೆ ಹೋದೆ. ಟೈ ಹಾಕಿದ ಹುಡುಗ, ಒಳ್ಳೇ ಮಾತುಗಾರ. ಸರ್, 3 ಲಕ್ಷ ಸಾಲ ತಗೊಳ್ಳಿ, ಮೂರು ವರ್ಷ, ಬರೀ 7 ಪರ್ಸೆಂಟ್ ಅಂದ. ಫ್ಲಾಟ್ ಅಂತ ಮೆಲ್ಲಗೆ ಹೇಳ್ದ. ಕಂತು 10,083. ಫ್ಲಾಟ್ ಅಂದ್ರೆ, ಎರಡನೇ ವರ್ಷದ ಹೊತ್ತಿಗೆ ಅರ್ಧ ಅಸಲು ತೀರಿಸಿದ್ರೂ ಬಡ್ಡಿ ಮಾತ್ರ ಪೂರ್ತಿ 3 ಲಕ್ಷದ ಮೇಲೇ ಕಟ್ತಾ ಇರ್ತೀವಿ. ಅಸಲು ಇಳಿದಂತೆ ಬಡ್ಡಿ ಇಳಿಯೋ ಲೆಕ್ಕಕ್ಕೆ ತಂದ್ರೆ ಅದು 12.8 ಪರ್ಸೆಂಟ್ ಹತ್ರ ಬರುತ್ತೆ. ನನ್ನ ಬೆಳೆ ಸಾಲ ಇರೋ ಬ್ಯಾಂಕಲ್ಲಿ ಇಳಿಯೋ ಲೆಕ್ಕದಲ್ಲೇ 9.5 ಪರ್ಸೆಂಟ್, ಕಂತು 9,610, ಒಟ್ಟು ಬಡ್ಡಿ 46,000 ಸುಮಾರು. ಷೋರೂಮಿಂದು 63,000.

ಹುಡುಗ ಇನ್ನೊಂದು ಮಾತು ಬಿಟ್ಟ. ನಿಮ್ಮ 3 ಲಕ್ಷ ಡೆಪಾಸಿಟಲ್ಲೇ ಇರಲಿ ಸರ್, 7 ಪರ್ಸೆಂಟಿಗೆ ಮೂರು ವರ್ಷಕ್ಕೆ 69,000 ಬಡ್ಡಿ ಬರುತ್ತೆ, ಸಾಲದ ಬಡ್ಡಿಗಿಂತ ಜಾಸ್ತಿ, ಸಾಲ ಮಾಡಿದ್ರೇ ನಿಮಗೆ ಲಾಭ ಅಂತ. ಮಗ ನನ್ನ ಮುಖ ನೋಡ್ದ. ನಂಗೂ ಒಂದು ಕ್ಷಣ ಹೌದಲ್ವಾ ಅನ್ನಿಸ್ತು. ಮನೆಗೆ ಬಂದು ಕೂತು ಲೆಕ್ಕ ಹಾಕ್ದೆ. ಕಂತಿನ 9,610 ಆಕಾಶದಿಂದ ಬೀಳುತ್ತಾ? ನನ್ನ ಜೇಬಿಂದಲೇ ಹೋಗ್ಬೇಕು. ರೊಕ್ಕ ಕೊಟ್ಟು ಕಾರು ತಂದು, ಆ 9,610ನ್ನೇ ತಿಂಗಳು ತಿಂಗಳು ಅದೇ 7 ಪರ್ಸೆಂಟಿಗೆ ಆರ್.ಡಿ. ಕಟ್ಟಿದ್ರೆ ಮೂರು ವರ್ಷಕ್ಕೆ 3,83,000 ದಾಟುತ್ತೆ. ಡೆಪಾಸಿಟ್ ಬೆಳೆಯೋದು 3,69,000ಕ್ಕೆ. ಅಲ್ಲಿಗೆ ಸಾಲದಿಂದ ಲಾಭ ಇಲ್ಲ, ಸುಮಾರು 14,000 ನಷ್ಟ.

ಆದ್ರೆ ಅಲ್ಲೇ ನನ್ನ ತಲೆ ತಿರುಗಿತು. ಮೂರು ವರ್ಷ 3 ಲಕ್ಷ ಕೈಯಲ್ಲೇ ಇರೋದಕ್ಕೆ 14,000. ಪೂರ್ತಿ ಕಟ್ಟಿಬಿಟ್ರೆ ನನ್ನ ಹತ್ರ ಉಳಿಯೋದು 20,000. ಅವ್ವನ್ನ ಒಂದು ವಾರ ಐಸಿಯುಗೆ ಹಾಕಿದ್ರೆ? ಬೋರಿನ ಮೋಟರ್ ಸುಟ್ರೆ? ಊರಲ್ಲಿ ಕೈಗಡ ನೂರಕ್ಕೆ ಮೂರು ರೂಪಾಯಿ, ತಿಂಗಳಿಗೆ. ಒಂದು ಲಕ್ಷಕ್ಕೆ ಐದು ತಿಂಗಳಲ್ಲೇ 15,000 ಹೋಯ್ತು. ಸಾಲ ಬೇಡ ಅಂತ ಕಾರಿಗೆ ರೊಕ್ಕ ಕೊಟ್ಟವನು ಮುಂದಿನ ತಿಂಗಳು ಇನ್ನೂ ಕೆಟ್ಟ ಸಾಲಕ್ಕೆ ಹೋಗ್ತಾನೆ. ಅಣ್ಣನಿಗೆ ಇದನ್ನ ಹೇಳೋಕೆ ಮೂರು ದಿನ ಹಿಡೀತು.

ಆದ್ರೆ ಅವನು ಕೇಳಿದ ಒಂದು ಪ್ರಶ್ನೆ ಸರಿಯಾಗಿತ್ತು. "ಕಬ್ಬಿನ ದುಡ್ಡು ವರ್ಸಕ್ಕೊಂದ್ಸಲ, ಅದೂ ಫ್ಯಾಕ್ಟ್ರಿಯೋರು ಕೊಟ್ಟಾಗ. ತಿಂಗ್ಳು ತಿಂಗ್ಳು ಎಲ್ಲಿಂದ ಕಟ್ತೀಯಲಾ?" ಅಂದ. ಟ್ರ್ಯಾಕ್ಟರ್ ಹೋಗಿದ್ದು ಇದೇ ಜಾಗದಲ್ಲಿ. ಬ್ಯಾಂಕಲ್ಲಿ ಕೊಯ್ಲಿನ ಮೇಲೆ ಕಟ್ತೀನಿ ಅಂತ ಕೇಳ್ದೆ. ಅದು ಟ್ರ್ಯಾಕ್ಟರ್ ಸಾಲಕ್ಕೆ ಉಂಟು, ಕಾರಿಗೆ ನಮ್ಮಲ್ಲಿ ತಿಂಗಳ ಕಂತೇ ಅಂದ್ರು. ಮೊದಲು ಸಂಬಳದ ಚೀಟಿ ಕೇಳಿದ್ರು, ಐ.ಟಿ. ರಿಟರ್ನ್ ಕೇಳಿದ್ರು. ಪಹಣಿ ಇದೆ, ಕಬ್ಬು ಹಾಕಿದ ಮೂರು ವರ್ಷದ ಚೀಟಿ ಇದೆ ಅಂತ ಮುಂದಿಟ್ಟೆ. ನಾಲ್ಕು ಸಲ ಓಡಾಡಿಸಿ ಒಪ್ಪಿದ್ರು.

ಕಂತಿಗೆ ಕಬ್ಬನ್ನ ನಂಬಲ್ಲ. ಎರಡು ತುಂಡು ತೋಟದ ಎಳನೀರು ಇದೆ, ಒಂದಾದ ಮೇಲೆ ಒಂದು ಕೊಯ್ಯೋ ಹಾಗೆ ಮಾಡ್ಕೊಂಡ್ರೆ ತಿಂಗಳಿಗೊಂದು ಸಲ ದುಡ್ಡು. ಬೇಸಿಗೇಲಿ ಜಾಸ್ತಿ, ಮಳೆಗಾಲದಲ್ಲಿ ಕಮ್ಮಿ. ಕಮ್ಮಿ ಆದ ತಿಂಗಳಿಗೆ ಅಂತ ಆರು ಕಂತಿನಷ್ಟು ದುಡ್ಡು ಬೇರೆ ಖಾತೇಲಿ ಇಟ್ಟೆ, ಅದನ್ನ ಅವ್ವನ ಔಷಧಿಗೂ ಮುಟ್ಟಲ್ಲ. ಮುಂಚೆ ತೀರಿಸಿದ್ರೆ ದಂಡ ಎಷ್ಟು ಅಂತ ಕಾಗದದಲ್ಲೇ ಬರೆಸ್ಕೊಂಡೆ. ಉಳಿದ 3,80,000 ಖಾತೆಯಿಂದ ಕಳಿಸ್ದೆ. ರೊಕ್ಕ ಅಂತ ಬಾಯಲ್ಲಿ ಹೇಳ್ತೀವಿ ಅಷ್ಟೇ, 2017ರಿಂದ 2 ಲಕ್ಷ ಅಥವಾ ಅದಕ್ಕೆ ಮೇಲೆ ನೋಟಿನಲ್ಲಿ ಇಸ್ಕೊಳ್ಳೋ ಹಾಗೇ ಇಲ್ಲ.

ಹೋದ ಶುಕ್ರವಾರ ಕಾರು ಮನೆಗೆ ಬಂತು. ಅವ್ವ ಮುಂದಿನ ಸೀಟಲ್ಲಿ ಕೂತು ಬಾಗಿಲು ಹಾಕೋಕೆ ಬಿಡಲಿಲ್ಲ, ಎಲ್ಲರೂ ನೋಡ್ಲಿ ಅಂತ. ಅಣ್ಣ ಸುತ್ತ ಒಂದು ಸುತ್ತು ಬಂದ. ಟೈರು ಒತ್ತಿ ನೋಡ್ದ. ಆಮೇಲೆ ಕಾಗದ ಕೊಡು ಅಂದ. ಆರ್.ಸಿ.ಯಲ್ಲಿ ನನ್ನ ಹೆಸರಿನ ಕೆಳಗೆ ಬ್ಯಾಂಕಿನ ಹೆಸರೂ ಇರುತ್ತೆ, ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ತೆಗೆಸ್ಬೇಕು. ಅವನು ಆ ಸಾಲನ್ನ ಬೆರಳಿಟ್ಟು ಓದ್ದ.

"ಇದು ಯಾವತ್ತು ಹೋಗ್ತದಲಾ?"

"ಮೂರು ವರ್ಷಕ್ಕಣ್ಣ."

ಕಾಗದ ಮಡಚಿ ವಾಪಸ್ ಕೊಟ್ಟ. ಸೋಮವಾರ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಹಿಂದಿನ ಸೀಟಲ್ಲಿ ಬಂದು ಕೂತ. ಮೊದಲ ಕಂತು ಬರೋ ತಿಂಗಳು 5ನೇ ತಾರೀಕು. ಎಳನೀರು ಕೊಯ್ಯೋರಿಗೆ 2ಕ್ಕೆ ಬನ್ನಿ ಅಂತ ಹೇಳಿದ್ದೀನಿ.